ಯುದ್ಧದ ಸಿನಿಮಾ, ಸೈನಿಕ ಮತ್ತು ಪ್ರಶಸ್ತಿ: ಪದೇ ಪದೇ ಕೇಳುವ ಪ್ರಶ್ನೆಗಳು

ರಾಷ್ಟ್ರಪ್ರಶಸ್ತಿ ಪಟ್ಟಿ ಹೊರಬಿದ್ದ ದಿನ, ಆಸ್ಕರ್ ಮುಗಿದ ಮಾರನೇ ದಿನ, ಗೆಳೆಯರೂ ನೆಂಟರೂ ನನ್ನನ್ನು ಕೇಳೋದು ಹೆಚ್ಚುಕಮ್ಮಿ ಇವೇ ಪ್ರಶ್ನೆಗಳು. ನನ್ನನ್ನೇ ಯಾಕೆ ಕೇಳ್ತಾರೆ ಅಂದ್ರೆ, ಸಿನಿಮಾ ಹುಚ್ಚು ನನಗೆ ಚಿಕ್ಕಂದಿನಿಂದ ಇದೆ. ಜೊತೆಗೆ ನಮ್ಮಪ್ಪ ಎಂಇಜಿಯಲ್ಲಿ ಹವಾಲ್ದಾರ್ ಆಗಿದ್ದವರು. ಬೆಂಗಳೂರಿನ ಹಲಸೂರು ಕೆರೆ ಹತ್ತಿರ ಇದೆಯಲ್ಲ, ಮದ್ರಾಸ್ ಎಂಜಿನಿಯರ್ ಗ್ರೂಪ್, ಅದು. ಎಲ್ಲಾ ಉತ್ತರಗಳನ್ನೂ ಒಂದೇ ಕಡೆ ಬರೆದಿಡೋಣ ಅನ್ನಿಸಿತು.

ಯುದ್ಧದ ಸಿನಿಮಾಗೆ ಪ್ರಶಸ್ತಿ ಕೊಡೋದು ಯಾವಾಗ ಶುರುವಾಯ್ತು?

ಮೊದಲ ದಿನವೇ. 1929ರ ಮೇ 16ರಂದು ನಡೆದ ಮೊಟ್ಟಮೊದಲ ಆಸ್ಕರ್ ಸಮಾರಂಭದಲ್ಲಿ ಅತ್ಯುತ್ತಮ ಚಿತ್ರವಾಗಿದ್ದು 'ವಿಂಗ್ಸ್'. ಅದು ಮೂಕಿ ಚಿತ್ರ, ಮೊದಲ ಮಹಾಯುದ್ಧದ ವಿಮಾನ ಚಾಲಕರ ಕಥೆ. ನಿರ್ದೇಶಕ ವಿಲಿಯಂ ವೆಲ್‌ಮನ್ ಆ ಯುದ್ಧದಲ್ಲಿ ತಾವೇ ವಿಮಾನ ಹಾರಿಸಿದವರು. ಚಿತ್ರೀಕರಣಕ್ಕೆ ಅಮೆರಿಕದ ಸೇನೆ ವಿಮಾನಗಳನ್ನೂ ಸಾವಿರಾರು ಸೈನಿಕರನ್ನೂ ಕೊಟ್ಟಿತ್ತು.

ಮರುವರ್ಷವೇ, ಅಂದರೆ 1930ರಲ್ಲಿ, ಅದೇ ಪ್ರಶಸ್ತಿ 'ಆಲ್ ಕ್ವಯಟ್ ಆನ್ ದ ವೆಸ್ಟರ್ನ್ ಫ್ರಂಟ್' ಚಿತ್ರಕ್ಕೆ ಹೋಯಿತು. ಇದೂ ಅದೇ ಯುದ್ಧದ್ದು. ಆದರೆ ಇಲ್ಲಿ ಆಕಾಶ ಇಲ್ಲ, ಕಂದಕದ ಕೆಸರು ಇದೆ. ಮೇಷ್ಟ್ರ ಮಾತಿಗೆ ಮರುಳಾಗಿ ಸೇನೆ ಸೇರಿದ ಜರ್ಮನ್ ಹುಡುಗರು ಒಬ್ಬೊಬ್ಬರಾಗಿ ಸಾಯುತ್ತಾರೆ. ಬರ್ಲಿನ್‌ನಲ್ಲಿ ಬಿಡುಗಡೆಯಾದಾಗ ನಾಜಿಗಳು ಚಿತ್ರಮಂದಿರದ ಒಳಗೆ ಇಲಿ ಬಿಟ್ಟರು, ನಾತದ ಬಾಂಬ್ ಎಸೆದರು. ಕೆಲವೇ ದಿನಗಳಲ್ಲಿ ಅಲ್ಲಿ ಸಿನಿಮಾ ನಿಷೇಧವಾಯಿತು. ಈ ಚಿತ್ರಕ್ಕೆ ಮೂಲವಾದ ಕಾದಂಬರಿಯನ್ನು ಜರ್ಮನ್ನರೇ 2022ರಲ್ಲಿ ಮತ್ತೆ ಸಿನಿಮಾ ಮಾಡಿದರು. 2023ರಲ್ಲಿ ಅದಕ್ಕೆ ನಾಲ್ಕು ಆಸ್ಕರ್ ಬಂತು.

ನಮ್ಮಲ್ಲಿ ರಾಷ್ಟ್ರಪ್ರಶಸ್ತಿ ಶುರುವಾಗಿದ್ದು 1954ರಲ್ಲಿ. ಹತ್ತು ವರ್ಷದ ನಂತರ ಚೇತನ್ ಆನಂದ್ 'ಹಕೀಕತ್' ಮಾಡಿದರು. ಲಡಾಖ್‌ನಲ್ಲಿ ನಡೆದ 1962ರ ಚೀನಾ ಯುದ್ಧದ ಕಥೆ. ಗೆದ್ದ ಯುದ್ಧ ಅಲ್ಲ ಅದು, ಹಿಂದೆ ಸರಿದ ಯುದ್ಧ. ಆ ಚಿತ್ರಕ್ಕೆ ಎರಡನೇ ಅತ್ಯುತ್ತಮ ಚಿತ್ರ ಪ್ರಶಸ್ತಿ ಸಿಕ್ಕಿತು. ಸೋಲಿನ ನೋವು ಹಸಿಯಾಗಿದ್ದಾಗಲೇ ಅದನ್ನು ತೆರೆ ಮೇಲೆ ತಂದವರನ್ನೂ, ಅದಕ್ಕೆ ಪ್ರಶಸ್ತಿ ಕೊಟ್ಟವರನ್ನೂ ನಾನು ಬಹಳ ಗೌರವಿಸುತ್ತೇನೆ.

ರಾಷ್ಟ್ರಪ್ರಶಸ್ತಿಯಲ್ಲಿ ಸೇನಾ ಸಿನಿಮಾಗೆ ಅಂತಲೇ ಬೇರೆ ವಿಭಾಗ ಇದೆಯಾ?

ಇಲ್ಲ. ಆದರೆ ರಾಷ್ಟ್ರೀಯ ಭಾವೈಕ್ಯದ ಚಿತ್ರಕ್ಕೆ ಕೊಡುತ್ತಿದ್ದ ನರ್ಗಿಸ್ ದತ್ ಪ್ರಶಸ್ತಿ ಆಗಾಗ ಇಂಥ ಚಿತ್ರಗಳ ಪಾಲಾಗುತ್ತಿತ್ತು. 1997ರ 'ಬಾರ್ಡರ್' ಚಿತ್ರಕ್ಕೆ ಬಂದದ್ದು ಅದೇ. 70ನೇ ಪ್ರಶಸ್ತಿಯಿಂದ ಆ ಹೆಸರು ಹೋಯಿತು. ಈಗ ಅದು ರಾಷ್ಟ್ರೀಯ, ಸಾಮಾಜಿಕ ಮತ್ತು ಪರಿಸರ ಮೌಲ್ಯಗಳನ್ನು ಎತ್ತಿಹಿಡಿಯುವ ಚಿತ್ರಕ್ಕೆ ಕೊಡುವ ಪ್ರಶಸ್ತಿ. 2025ರಲ್ಲಿ ಘೋಷಣೆಯಾದ 71ನೇ ಪ್ರಶಸ್ತಿಯಲ್ಲಿ ಫೀಲ್ಡ್ ಮಾರ್ಷಲ್ ಮಾಣೆಕ್‌ಷಾ ಅವರ ಬದುಕಿನ 'ಸ್ಯಾಮ್ ಬಹಾದ್ದೂರ್'ಗೆ ಇದು ಸಿಕ್ಕಿತು. ಜೊತೆಗೆ ಮೇಕಪ್ ಮತ್ತು ವಸ್ತ್ರವಿನ್ಯಾಸದ ಪ್ರಶಸ್ತಿಗಳೂ ಬಂದವು.

ಸೇನಾ ಚಿತ್ರಗಳು ಸಾಮಾನ್ಯ ವಿಭಾಗಗಳಲ್ಲೂ ಗೆಲ್ಲುತ್ತವೆ. 'ಉರಿ' ಚಿತ್ರಕ್ಕೆ ನಿರ್ದೇಶನ, ನಟನೆ, ಶಬ್ದಗ್ರಹಣ, ಹಿನ್ನೆಲೆ ಸಂಗೀತ ಹೀಗೆ ನಾಲ್ಕು ಬಂದವು. ಕಾರ್ಗಿಲ್ ಯುದ್ಧದಲ್ಲಿ ಹುತಾತ್ಮರಾದ ವಿಕ್ರಮ್ ಬಾತ್ರಾ ಅವರ ಕಥೆಯ 'ಶೇರ್‌ಷಾ' ತೀರ್ಪುಗಾರರ ವಿಶೇಷ ಪ್ರಶಸ್ತಿ ಪಡೆಯಿತು.

ಪ್ರಶಸ್ತಿ ಬಂದಿದೆ ಅಂದ್ರೆ ತೋರಿಸಿದ್ದೆಲ್ಲಾ ನಿಜ ಅಂತಾನಾ?

ಖಂಡಿತಾ ಅಲ್ಲ. ಇದನ್ನ ಮಾತ್ರ ನಾನು ಎಷ್ಟು ಸಲ ಬೇಕಾದರೂ ಹೇಳುತ್ತೇನೆ. ತೀರ್ಪುಗಾರರು ನೋಡೋದು ಸಿನಿಮಾ ಹೇಗೆ ಬಂದಿದೆ ಅಂತ. ಇತಿಹಾಸದ ಪರೀಕ್ಷೆ ಮಾಡೋದು ಅವರ ಕೆಲಸ ಅಲ್ಲ.

'ಬಾರ್ಡರ್' ಚಿತ್ರವನ್ನೇ ತಗೊಳ್ಳಿ. 1971ರ ಡಿಸೆಂಬರ್‌ನಲ್ಲಿ ರಾಜಸ್ಥಾನದ ಲೋಂಗೆವಾಲಾದಲ್ಲಿ ಮೇಜರ್ ಕುಲದೀಪ್ ಸಿಂಗ್ ಚಾಂದ್‌ಪುರಿ ಅವರ ಜೊತೆ ಇದ್ದದ್ದು ಸುಮಾರು 120 ಜನ. ಎದುರಿಗೆ ಟ್ಯಾಂಕುಗಳ ಸಾಲು. ಇರುಳೆಲ್ಲಾ ಅವರು ಜಾಗ ಬಿಡಲಿಲ್ಲ. ಬೆಳಕು ಹರಿದ ಮೇಲೆ ಜೈಸಲ್ಮೇರ್‌ನಿಂದ ವಾಯುಪಡೆಯ ಹಂಟರ್ ವಿಮಾನಗಳು ಬಂದು ಟ್ಯಾಂಕುಗಳನ್ನು ಪುಡಿ ಮಾಡಿದವು. ಇಷ್ಟು ನಿಜ. ಇಂಥ ಸಾಹಸಕ್ಕೆ ಉಪ್ಪು ಖಾರ ಹಚ್ಚಬೇಕಾಗಿಯೇ ಇಲ್ಲ.

ಸಿನಿಮಾದಲ್ಲಿ ನಮ್ಮವರು ಒಬ್ಬರ ಮೇಲೊಬ್ಬರು ಬೀಳುತ್ತಾರೆ. ನಿಜವಾಗಿ ಅಂದು ತೀರಿಕೊಂಡ ನಮ್ಮ ಸೈನಿಕರು ಇಬ್ಬರು. ಗಡಿ ಭದ್ರತಾ ಪಡೆಯ ಭೈರೋನ್ ಸಿಂಗ್ ರಾಠೋಡ್ ಅವರ ಪಾತ್ರವನ್ನು ಸುನೀಲ್ ಶೆಟ್ಟಿ ಮಾಡಿದ್ದಾರೆ. ತೆರೆಯ ಮೇಲೆ ಆ ಪಾತ್ರ ಹುತಾತ್ಮನಾಗುತ್ತದೆ. ಚಿತ್ರಮಂದಿರದಲ್ಲಿ ಜನ ಅತ್ತರು. ಆದರೆ ರಾಠೋಡ್ ಬದುಕಿದ್ದರು! ಸೇನಾ ಪದಕ ಪಡೆದು, ನಿವೃತ್ತರಾಗಿ, ಊರಿನಲ್ಲಿ ಬಾಳಿ, 2022ರ ಡಿಸೆಂಬರ್‌ನಲ್ಲಿ ಜೋಧಪುರದಲ್ಲಿ ತೀರಿಕೊಂಡರು. ಒಬ್ಬ ಮನುಷ್ಯ ತಾನೇ ಸಾಯೋದನ್ನ ಟೀವಿಯಲ್ಲಿ ಇಪ್ಪತ್ತೈದು ವರ್ಷ ನೋಡೋದು ಹೇಗಿರುತ್ತೆ ಅಂತ ಯೋಚನೆ ಮಾಡಿ.

ಆ ಚಿತ್ರಕ್ಕೆ ಭಾವೈಕ್ಯ ಪ್ರಶಸ್ತಿಯ ಜೊತೆ ಗೀತರಚನೆಗೆ ಜಾವೇದ್ ಅಖ್ತರ್, ಗಾಯನಕ್ಕೆ ಹರಿಹರನ್ ರಾಷ್ಟ್ರಪ್ರಶಸ್ತಿ ಪಡೆದರು. ಊರಿನಿಂದ ಕಾಗದ ಬರುವ ಹಾಡೊಂದು ಅದರಲ್ಲಿದೆ. ನನ್ನ ಪ್ರಕಾರ ಇಡೀ ಚಿತ್ರದಲ್ಲಿ ಅತಿ ಹೆಚ್ಚು ನಿಜ ಇರೋದು ಅಲ್ಲೇ. ನಮ್ಮಮ್ಮ ನೀಲಿ ಇನ್‌ಲ್ಯಾಂಡ್ ಲೆಟರ್ ಮೇಲೆ ಅಪ್ಪನ ನಂಬರು, ಹೆಸರು, ಆಮೇಲೆ 'ಕೇರಾಫ್ 56 ಎಪಿಓ' ಅಂತ ಸೇನಾ ಅಂಚೆ ಕಚೇರಿಯ ವಿಳಾಸ ಬರೆಯೋರು. ಊರಿನ ಹೆಸರು ಇರುತ್ತಿರಲಿಲ್ಲ. ಅಪ್ಪ ಎಲ್ಲಿದ್ದಾರೆ ಅಂತ ಗೊತ್ತಿಲ್ಲದೆ ನಾವು ಕಾಗದ ಹಾಕುತ್ತಿದ್ದೆವು, ಅದು ಹೋಗಿ ಮುಟ್ಟುತ್ತಿತ್ತು.

ಕಥೆಗೋಸ್ಕರ ಸ್ವಲ್ಪ ಬದಲಾಯಿಸಿದ್ರೆ ಏನು ತಪ್ಪು?

ಸ್ವಲ್ಪ ಬದಲಾಯಿಸದೆ ಸಿನಿಮಾ ಆಗೋದಿಲ್ಲ, ಒಪ್ಪುತ್ತೇನೆ. ಎರಡು ಗಂಟೆಯಲ್ಲಿ ಒಂದು ಯುದ್ಧ ಹಿಡಿಸಬೇಕು. ನನಗೆ ಕಷ್ಟ ಆಗೋದು ಮನುಷ್ಯರ ಹೆಸರು, ಸಾವು, ಊರು ಅದಲುಬದಲಾದಾಗ.

ಕೊಡಗಿನ ಅಜ್ಜಮಾಡ ಬೋಪಯ್ಯ ದೇವಯ್ಯ ಅವರ ವಿಷಯ ನೋಡಿ. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲೆ ದಾಳಿಗೆ ಹೋದವರು. ಅವರದು ಮಿಸ್ಟೇರ್ ವಿಮಾನ, ಎದುರಾಳಿಯದು ಅದಕ್ಕಿಂತ ಎಷ್ಟೋ ವೇಗದ ಸ್ಟಾರ್‌ಫೈಟರ್. ಅದನ್ನು ಹೊಡೆದುರುಳಿಸಿದರು. ತಾವು ವಾಪಸ್ ಬರಲಿಲ್ಲ. ಏನಾಯಿತು ಅಂತ ನಮ್ಮ ಕಡೆ ವರ್ಷಗಟ್ಟಲೆ ಯಾರಿಗೂ ಗೊತ್ತಿರಲಿಲ್ಲ. ವಿದೇಶಿ ಲೇಖಕರೊಬ್ಬರ ಪುಸ್ತಕದಿಂದ ಸುಳಿವು ಸಿಕ್ಕಿ, ಕೊನೆಗೆ 1988ರಲ್ಲಿ ಮರಣೋತ್ತರ ಮಹಾವೀರ ಚಕ್ರ ಬಂತು. 23 ವರ್ಷ ತಡವಾಗಿ.

2025ರ ಹಿಂದಿ ಚಿತ್ರ 'ಸ್ಕೈ ಫೋರ್ಸ್' ಈ ಘಟನೆಯನ್ನೇ ಆಧರಿಸಿದ್ದು. ಆದರೆ ಅದರಲ್ಲಿ ಪಾತ್ರದ ಹೆಸರು ದೇವಯ್ಯ ಅಲ್ಲ, ಟಿ. ಕೃಷ್ಣ ವಿಜಯ. ಇಪ್ಪತ್ತಮೂರು ವರ್ಷ ಕಾದು ಸಿಕ್ಕಿದ ಹೆಸರು ಅದು, ಅದನ್ನೇ ಬಿಟ್ಟರಲ್ಲ ಅಂತ ನನಗೆ ಈಗಲೂ ಬೇಜಾರಿದೆ.

ಯುದ್ಧದ ಸಿನಿಮಾಗೆ ಹೆಚ್ಚಾಗಿ ಶಬ್ದದ ಪ್ರಶಸ್ತಿಗಳೇ ಯಾಕೆ ಬರುತ್ತವೆ?

ಚೆನ್ನಾಗಿ ಗಮನಿಸಿದ್ದೀರಿ. 'ಸೇವಿಂಗ್ ಪ್ರೈವೇಟ್ ರಯಾನ್', 'ಬ್ಲ್ಯಾಕ್ ಹಾಕ್ ಡೌನ್', 'ಅಮೆರಿಕನ್ ಸ್ನೈಪರ್', 'ಹ್ಯಾಕ್‌ಸಾ ರಿಡ್ಜ್', 'ಡನ್‌ಕರ್ಕ್', '1917', 'ಟಾಪ್ ಗನ್: ಮ್ಯಾವರಿಕ್', ಇವೆಲ್ಲಾ ಶಬ್ದಕ್ಕೆ ಆಸ್ಕರ್ ಪಡೆದವು. ನಮ್ಮ 'ಉರಿ'ಗೂ ಬಂತು ಅಂದೆನಲ್ಲ.

ಗುಂಡಿನ ಸದ್ದು ಜೋರಾಗಿ ಹಾಕೋದು ದೊಡ್ಡ ಕೆಲಸ ಅಲ್ಲ. ಯಾವಾಗ ನಿಲ್ಲಿಸಬೇಕು ಅನ್ನೋದು ದೊಡ್ಡದು. 'ಸೇವಿಂಗ್ ಪ್ರೈವೇಟ್ ರಯಾನ್' ಶುರುವಿನಲ್ಲಿ ಸಮುದ್ರ ದಂಡೆಯ ಮೇಲೆ ಕ್ಯಾಪ್ಟನ್ ಪಕ್ಕದಲ್ಲೇ ಏನೋ ಸಿಡಿಯುತ್ತದೆ. ತಕ್ಷಣ ಎಲ್ಲ ಸದ್ದೂ ಮಂಕಾಗುತ್ತದೆ. ಎದುರಿಗಿರುವ ಸೈನಿಕ ಬಾಯಿ ತೆರೆದು ಕೂಗುತ್ತಿದ್ದಾನೆ, ನಮಗೂ ಕೇಳಿಸೋದಿಲ್ಲ, ಕ್ಯಾಪ್ಟನ್‌ಗೂ ಕೇಳಿಸೋದಿಲ್ಲ. ಆ ಕೆಲವು ಕ್ಷಣ ನಾವು ಅವನ ಕಿವಿಯೊಳಗೆ ಕೂತಿರುತ್ತೇವೆ.

ಆ ಚಿತ್ರಕ್ಕೆ ಒಟ್ಟು ಐದು ಆಸ್ಕರ್ ಬಂದವು. ಅತ್ಯುತ್ತಮ ಚಿತ್ರ ಮಾತ್ರ 'ಷೇಕ್ಸ್‌ಪಿಯರ್ ಇನ್ ಲವ್' ಪಾಲಾಯಿತು.

ಸೇನೆಯ ಕುರಿತ ಸಿನಿಮಾ ಮಾಡೋಕೆ ಅನುಮತಿ ಬೇಕಾ?

ಸೇನೆಯ ಜಾಗ, ಟ್ಯಾಂಕು, ವಿಮಾನ, ಜವಾನರು ಬೇಕು ಅಂದರೆ ಚಿತ್ರಕಥೆಯನ್ನು ಮೊದಲೇ ಕೊಟ್ಟು ಒಪ್ಪಿಗೆ ಪಡೆಯಲೇಬೇಕು. ಅದು ಸರಿಯಾದದ್ದೇ. ಇದಕ್ಕೂ ಒಂದು ಹೆಜ್ಜೆ ಮುಂದೆ ಹೋಗಿ 2020ರ ಜುಲೈನಲ್ಲಿ ರಕ್ಷಣಾ ಸಚಿವಾಲಯ ಸೆನ್ಸಾರ್ ಮಂಡಳಿಗೆ ಪತ್ರ ಬರೆಯಿತು. ಸೇನೆಯ ವಸ್ತುವಿರುವ ಸಿನಿಮಾ, ವೆಬ್ ಸರಣಿ ಮಾಡುವವರು ಬಿಡುಗಡೆಗೆ ಮೊದಲು ಸಚಿವಾಲಯದಿಂದ ನಿರಾಕ್ಷೇಪಣಾ ಪತ್ರ ತರಲಿ ಅಂತ ಅದರಲ್ಲಿತ್ತು. 2022ರಲ್ಲಿ ನಿರ್ದೇಶಕ ಓನಿರ್ ಸಲಿಂಗಿ ಸೈನಿಕನೊಬ್ಬನ ಕಥೆ ತೆಗೆದುಕೊಂಡು ಹೋದಾಗ ಒಪ್ಪಿಗೆ ಸಿಗಲಿಲ್ಲ.

ನನ್ನ ಅಭಿಪ್ರಾಯ ಕೇಳಿದರೆ: ದೇಶದ ಗುಟ್ಟು ಹೊರಬೀಳಬಾರದು, ಸಮವಸ್ತ್ರಕ್ಕೆ ಅವಮಾನ ಆಗಬಾರದು, ಇದರಲ್ಲಿ ಎರಡು ಮಾತಿಲ್ಲ. ಆದರೆ ಸೈನಿಕನ ಒಂಟಿತನ, ಕೋಪ, ಅನುಮಾನ ತೋರಿಸಿದರೆ ಅವಮಾನ ಅಂತ ನನಗೆ ಅನ್ನಿಸೋದಿಲ್ಲ. ಅವೆಲ್ಲಾ ನಮ್ಮ ಮನೆಯಲ್ಲೇ ಇತ್ತು.

ಅಮೆರಿಕದಲ್ಲೂ ಹೀಗೇನಾ?

ಹೆಚ್ಚುಕಮ್ಮಿ. ಅಲ್ಲಿನ ರಕ್ಷಣಾ ಇಲಾಖೆ ಪೆಂಟಗನ್‌ನಲ್ಲಿ ಸಿನಿಮಾದವರ ಜೊತೆ ವ್ಯವಹರಿಸಲು ಬೇರೆ ವಿಭಾಗವೇ ಇದೆ. ಚಿತ್ರಕಥೆ ಒಪ್ಪಿಗೆಯಾದರೆ ವಿಮಾನ, ಹಡಗು ಸಿಗುತ್ತದೆ. ಒಪ್ಪಿಗೆಯಾಗದಿದ್ದರೆ ಸಿನಿಮಾ ಮಾಡಬಹುದು, ಸಹಾಯ ಮಾತ್ರ ಇಲ್ಲ. 1986ರಲ್ಲಿ ಒಂದೇ ವರ್ಷ ಎರಡು ಚಿತ್ರ ಬಂದವು. 'ಟಾಪ್ ಗನ್' ಚಿತ್ರಕ್ಕೆ ನೌಕಾಪಡೆ ಬೆನ್ನಿಗೆ ನಿಂತಿತು. ಅದಕ್ಕೆ ಬಂದ ಆಸ್ಕರ್ ಒಂದು, ಹಾಡಿಗೆ. 'ಪ್ಲಟೂನ್' ಚಿತ್ರಕ್ಕೆ ಸಹಾಯ ಸಿಗಲಿಲ್ಲ. ನಿರ್ದೇಶಕ ಆಲಿವರ್ ಸ್ಟೋನ್ ವಿಯೆಟ್ನಾಂನಲ್ಲಿ ಹೋರಾಡಿ ಗಾಯಗೊಂಡವರು, ಆದರೂ ಸಿಗಲಿಲ್ಲ. ಫಿಲಿಪ್ಪೀನ್ಸ್‌ಗೆ ಹೋಗಿ ತೆಗೆದರು. ಅತ್ಯುತ್ತಮ ಚಿತ್ರ ಸೇರಿ ನಾಲ್ಕು ಆಸ್ಕರ್ ಬಂತು.

ವಿಯೆಟ್ನಾಂ ಯುದ್ಧದ್ದೇ ಆದ 'ಅಪೋಕ್ಯಾಲಿಪ್ಸ್ ನೌ' ಚಿತ್ರಕ್ಕೂ ಅಮೆರಿಕದ ಸೇನೆ ಸಹಾಯ ಮಾಡಲಿಲ್ಲ. ಫಿಲಿಪ್ಪೀನ್ಸ್ ಸೇನೆಯ ಹೆಲಿಕಾಪ್ಟರ್ ಬಾಡಿಗೆಗೆ ತಂದರು. ಅಲ್ಲಿ ನಿಜವಾದ ಬಂಡುಕೋರರ ಜೊತೆ ಕಾದಾಟ ನಡೆಯುತ್ತಿತ್ತು. ಶೂಟಿಂಗ್ ನಡುವೆಯೇ ಹೆಲಿಕಾಪ್ಟರ್‌ಗಳು ಎದ್ದು ಆ ಕಡೆ ಹೊರಟುಬಿಡುತ್ತಿದ್ದವು.

ಸೇನೆಗೆ ಇಷ್ಟವಾಗದ ಸಿನಿಮಾಗೆ ನಮ್ಮಲ್ಲಿ ಪ್ರಶಸ್ತಿ ಬಂದಿದೆಯಾ?

'ರಂಗ್ ದೇ ಬಸಂತಿ' ಇದೆಯಲ್ಲ. ಮಿಗ್-21 ವಿಮಾನ ಬಿದ್ದು ಪೈಲಟ್ ಸಾಯುವುದು, ರಕ್ಷಣಾ ಇಲಾಖೆಯಲ್ಲಿ ಲಂಚ, ಇದೇ ಅದರ ಕಥೆಯ ಬೆನ್ನೆಲುಬು. 2006ರಲ್ಲಿ ಬಿಡುಗಡೆಗೆ ಮೊದಲು ಆಗಿನ ರಕ್ಷಣಾ ಸಚಿವ ಪ್ರಣಬ್ ಮುಖರ್ಜಿ ಮತ್ತು ಸೇನಾ ಮುಖ್ಯಸ್ಥರಿಗೆ ತೋರಿಸಲಾಯಿತು. ಸಿನಿಮಾ ಹೊರಬಂತು, ಒಳ್ಳೆಯ ಮನರಂಜನೆಯ ಜನಪ್ರಿಯ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಪಡೆಯಿತು, ಭಾರತದ ಪರವಾಗಿ ಆಸ್ಕರ್‌ಗೂ ಹೋಯಿತು. ನೋಡಿ, ಮಾತಾಡಿ, ಬಿಡುಗಡೆಗೆ ಬಿಟ್ಟರಲ್ಲ, ಆ ದಾರಿ ನನಗೆ ಹಿಡಿಸಿತು.

2020ರಲ್ಲಿ 'ಗುಂಜನ್ ಸಕ್ಸೇನಾ' ಬಂದಾಗ ವಾಯುಪಡೆ ಸೆನ್ಸಾರ್ ಮಂಡಳಿಗೆ ಆಕ್ಷೇಪದ ಪತ್ರ ಬರೆಯಿತು. ಮಹಿಳಾ ಪೈಲಟ್‌ಗೆ ಕೆಟ್ಟ ವಾತಾವರಣ ಇತ್ತು ಅಂತ ತೋರಿಸಿದ್ದು ಸರಿಯಲ್ಲ ಅನ್ನೋದು ಅವರ ದೂರು.

ಕನ್ನಡದಲ್ಲಿ ಪ್ರಶಸ್ತಿ ಪಡೆದ ಸೈನಿಕನ ಸಿನಿಮಾ ಇದೆಯಾ?

ಇದೆ. 'ಮುತ್ತಿನ ಹಾರ'. 1990ರದು. ನಿರ್ದೇಶನ ಎಸ್.ವಿ. ರಾಜೇಂದ್ರಸಿಂಗ್ ಬಾಬು, ಸಂಗೀತ ಹಂಸಲೇಖ, ವಿಷ್ಣುವರ್ಧನ್ ಕೊಡಗಿನ ಯೋಧ ಅಚ್ಚಪ್ಪ, ಸುಹಾಸಿನಿ ನರ್ಸ್ ಅನ್ನಪೂರ್ಣ. 38ನೇ ರಾಷ್ಟ್ರಪ್ರಶಸ್ತಿಯಲ್ಲಿ ಅತ್ಯುತ್ತಮ ಕನ್ನಡ ಚಿತ್ರ. ಕಾರ್ಯಪ್ಪ, ತಿಮ್ಮಯ್ಯ ಹುಟ್ಟಿದ ನೆಲದ ಕಥೆ ಕನ್ನಡದಲ್ಲೇ ಬಂದು ದೆಹಲಿವರೆಗೆ ಹೋಗಿ ಗೆದ್ದಿತು ಅನ್ನೋದೇ ನನಗೊಂದು ಹೆಮ್ಮೆ. ಯುದ್ಧದ ಜೊತೆ ದಾಂಪತ್ಯವನ್ನೂ ಅದು ಉದ್ದಕ್ಕೂ ಹಿಡಿದಿಟ್ಟಿದೆ. ಬಾಲಮುರಳಿಕೃಷ್ಣ ಅವರ ದನಿಯಲ್ಲಿ ಬರುವ ಹಾಡು ಕೇಳಿದರೆ ನಮ್ಮಮ್ಮ ಈಗಲೂ ಒಲೆ ಸಣ್ಣ ಮಾಡಿ ಬಂದು ಕೂರುತ್ತಾರೆ.

ಇಷ್ಟು ಸೈನಿಕರನ್ನು ಕೊಟ್ಟ ನಾಡಿನಲ್ಲಿ ಇಂಥ ಚಿತ್ರಗಳು ಜಾಸ್ತಿ ಬರಲಿಲ್ಲ. ಬೆಂಗಳೂರಿನಲ್ಲಿ ಬೆಳೆದ ಮೇಜರ್ ಸಂದೀಪ್ ಉನ್ನಿಕೃಷ್ಣನ್ ಅವರ ಕಥೆ 'ಮೇಜರ್' ಆಗಿ ಬಂದದ್ದು ತೆಲುಗು ಮತ್ತು ಹಿಂದಿಯಲ್ಲಿ. ಯಲಹಂಕದಲ್ಲಿ ಅವರ ಹೆಸರಿನ ರಸ್ತೆಯಲ್ಲಿ ಓಡಾಡುವಾಗೆಲ್ಲಾ ಇದು ನೆನಪಾಗುತ್ತದೆ.

ಸಮವಸ್ತ್ರದಲ್ಲಿ ಸಿನಿಮಾದವರು ಮಾಡೋ ತಪ್ಪು ಯಾವುವು?

ಅಪ್ಪನ ಪಕ್ಕ ಕೂತು ಸಿನಿಮಾ ನೋಡಿ ಕಲಿತದ್ದು ಇವು. ಮೊದಲನೆಯದು ಸಲ್ಯೂಟ್. ನಮ್ಮ ಭೂಸೇನೆಯಲ್ಲಿ ಅಂಗೈ ಪೂರ್ತಿ ಎದುರಿಗೆ ಕಾಣಬೇಕು. ನೌಕಾಪಡೆಯಲ್ಲಿ ಅಂಗೈ ನೆಲದ ಕಡೆ. ವಾಯುಪಡೆಯದು 2006ರಿಂದ ಇವೆರಡರ ನಡುವೆ, ಓರೆಯಾಗಿ. ಎಷ್ಟೋ ಚಿತ್ರಗಳಲ್ಲಿ ಮೂವರೂ ಒಂದೇ ಥರ ಹೊಡೆಯುತ್ತಾರೆ. ಇನ್ನೊಂದು, ತಲೆ ಮೇಲೆ ಟೋಪಿ ಇಲ್ಲದೆ ಸೈನಿಕ ಸಲ್ಯೂಟ್ ಹೊಡೆಯೋದಿಲ್ಲ, ಸಾವಧಾನ್ ನಿಲ್ಲುತ್ತಾನೆ. ಬರಿತಲೆಯ ಹೀರೋ ಕೈ ಎತ್ತಿದ ತಕ್ಷಣ ಅಪ್ಪ "ಟೋಪಿ ಎಲ್ಲೋ?" ಅಂತ ಟೀವಿಯನ್ನೇ ಕೇಳೋರು.

ವೈರ್‌ಲೆಸ್‌ನಲ್ಲಿ "ಓವರ್ ಅಂಡ್ ಔಟ್" ಅನ್ನೋದೂ ಸಿನಿಮಾದ್ದೇ. ಓವರ್ ಅಂದರೆ ನನ್ನ ಮಾತು ಮುಗೀತು, ನೀನು ಹೇಳು. ಔಟ್ ಅಂದರೆ ಮಾತೇ ಮುಗೀತು. ಎರಡನ್ನೂ ಒಟ್ಟಿಗೆ ಹೇಳಿದರೆ ಅರ್ಥ ಇಲ್ಲ. ಹಾಗೇ ಈಗಿನ ಹೊಸ ವಿನ್ಯಾಸದ ಯುದ್ಧ ಸಮವಸ್ತ್ರ ಬಂದದ್ದು 2022ರ ಜನವರಿಯಲ್ಲಿ. ಕಾರ್ಗಿಲ್ ಕಥೆಯಲ್ಲಿ ಅದು ಕಂಡರೆ ಯಾರೂ ಸರಿಯಾಗಿ ನೋಡಿಲ್ಲ ಅಂತ ಅರ್ಥ.

ನಿಜವಾದ ಸೈನಿಕರು ನಟಿಸಿ ಪ್ರಶಸ್ತಿ ಗೆದ್ದದ್ದು ಇದೆಯಾ?

ಹೆರಾಲ್ಡ್ ರಸೆಲ್. ಅಮೆರಿಕದ ಸೇನೆಯಲ್ಲಿ ತರಬೇತುದಾರ. 1944ರಲ್ಲಿ ಸ್ಫೋಟಕ ಸಿಡಿದು ಎರಡೂ ಕೈ ಹೋದವು. 1946ರ 'ದ ಬೆಸ್ಟ್ ಇಯರ್ಸ್ ಆಫ್ ಅವರ್ ಲೈವ್ಸ್' ಚಿತ್ರದಲ್ಲಿ ಕೈ ಕಳೆದುಕೊಂಡು ಊರಿಗೆ ಬರುವ ನಾವಿಕನ ಪಾತ್ರ ಮಾಡಿದರು. ಕೊಕ್ಕೆಯ ಕೈಗಳಲ್ಲಿ ಬೆಂಕಿಕಡ್ಡಿ ಗೀರುತ್ತಾರೆ, ನೋಡುವಾಗ ಮೈ ಜುಮ್ ಅನ್ನುತ್ತದೆ. ಅವರು ಗೆಲ್ಲಲಾರರು ಅಂದುಕೊಂಡು ಅಕಾಡೆಮಿ ಮೊದಲೇ ಒಂದು ಗೌರವ ಆಸ್ಕರ್ ಕೊಟ್ಟಿತು. ಅದೇ ರಾತ್ರಿ ಪೋಷಕ ನಟ ಪ್ರಶಸ್ತಿಯನ್ನೂ ಅವರೇ ಗೆದ್ದರು. ಒಂದೇ ಪಾತ್ರಕ್ಕೆ ಎರಡು ಆಸ್ಕರ್. 1992ರಲ್ಲಿ ಹೆಂಡತಿಯ ಚಿಕಿತ್ಸೆಗೆ ಹಣ ಬೇಕಾಗಿ ಅದರಲ್ಲೊಂದನ್ನು ಮಾರಿದರು.

ತೆರೆ ಮೇಲೆ ಕಾಣದೆ ಹೋಗೋರು ಯಾರು?

ಬಹಳ ಜನ. ಅಡುಗೆಯವರು, ಡ್ರೈವರ್‌ಗಳು, ಸಿಗ್ನಲ್‌ನವರು, ಸೇತುವೆ ಕಟ್ಟೋರು, ನೆಲಬಾಂಬ್ ತೆಗೆಯೋರು. ನಮ್ಮ ಚಿತ್ರಗಳಲ್ಲಿ ಹೀರೋ ಅಂದರೆ ಕಮಾಂಡೋ, ಇಲ್ಲವೇ ಪದಾತಿದಳದ ಆಫೀಸರ್. ಸುಬೇದಾರ್ ಸಾಹೇಬರು ಹಿಂದೆ ನಿಂತು "ಜೀ ಸಾಬ್" ಅನ್ನಬೇಕು, ಅಷ್ಟೇ. 'ಪಾನ್ ಸಿಂಗ್ ತೋಮರ್' ಅದಕ್ಕೇ ನನಗೆ ಅಷ್ಟು ಇಷ್ಟ. ಸ್ಟೀಪಲ್‌ಚೇಸ್ ಅಂದರೆ ಅಡೆತಡೆ ಹಾರಿ ಓಡುವ ಓಟದಲ್ಲಿ ಏಳು ಸಲ ರಾಷ್ಟ್ರೀಯ ಚಾಂಪಿಯನ್ ಆದ ಸುಬೇದಾರ್, ಊರಿಗೆ ಹೋದ ಮೇಲೆ ಜಮೀನು ಜಗಳದಲ್ಲಿ ನ್ಯಾಯ ಸಿಗದೆ ಚಂಬಲ್ ಕಣಿವೆಗೆ ಇಳಿದ ಕಥೆ. ಅತ್ಯುತ್ತಮ ಚಿತ್ರ ಮತ್ತು ಇರ್ಫಾನ್‌ಗೆ ನಟ ಪ್ರಶಸ್ತಿ, ಎರಡೂ ಬಂದವು. ನನ್ನ ಲೆಕ್ಕದಲ್ಲಿ ರಾಷ್ಟ್ರಪ್ರಶಸ್ತಿಯವರು ಮಾಡಿದ ಅತ್ಯಂತ ಒಳ್ಳೆಯ ಆಯ್ಕೆಗಳಲ್ಲಿ ಅದೊಂದು.

ಎರಡನೇ ಮಹಾಯುದ್ಧದಲ್ಲಿ ಫ್ರಾನ್ಸ್‌ನ ಡನ್‌ಕರ್ಕ್ ಸಮುದ್ರ ದಂಡೆಯಿಂದ ಬ್ರಿಟಿಷ್ ಸೈನಿಕರು ಪಾರಾದ ಕಥೆ 'ಡನ್‌ಕರ್ಕ್'. ಮೂರು ಆಸ್ಕರ್ ಗೆದ್ದ ಆ ಚಿತ್ರದಲ್ಲಿ ಭಾರತೀಯರೇ ಇಲ್ಲ. 1940ರಲ್ಲಿ ಹೇಸರಗತ್ತೆಗಳ ಜೊತೆ ಸಾಮಾನು ಸಾಗಿಸಲು ಹೋಗಿದ್ದ ನಮ್ಮ ತುಕಡಿಗಳು ಫ್ರಾನ್ಸ್‌ನಲ್ಲಿದ್ದವು. ಕೆಲವರು ಆ ದಂಡೆಯಿಂದಲೇ ದಾಟಿದರು, ಒಂದು ತುಕಡಿ ಜರ್ಮನ್ನರ ಸೆರೆ ಸಿಕ್ಕಿತು.

ಸೈನಿಕರು ಇಂಥ ಸಿನಿಮಾ ನೋಡಿ ಏನಂತಾರೆ?

ಎಲ್ಲರ ಪರವಾಗಿ ಹೇಳೋಕೆ ನನಗಾಗೋದಿಲ್ಲ. ನಮ್ಮಪ್ಪನದು ಹೇಳುತ್ತೇನೆ. ಬಾಂಬ್ ನಿಷ್ಕ್ರಿಯ ಮಾಡುವ ದಳದ ಕಥೆ 'ದ ಹರ್ಟ್ ಲಾಕರ್' 2010ರಲ್ಲಿ ಆರು ಆಸ್ಕರ್ ಗೆದ್ದಿತು. ಕ್ಯಾಥರಿನ್ ಬಿಗೆಲೊ ಅತ್ಯುತ್ತಮ ನಿರ್ದೇಶಕ ಪ್ರಶಸ್ತಿ ಪಡೆದ ಮೊದಲ ಮಹಿಳೆಯಾದರು. ಅಮೆರಿಕದ ಮಾಜಿ ಸೈನಿಕರಲ್ಲಿ ಹಲವರು ಆ ಚಿತ್ರದ ಮೇಲೆ ಸಿಟ್ಟಾದರು. ನಾವು ಹೀಗೆ ಒಬ್ಬೊಬ್ಬರೇ ನುಗ್ಗೋದಿಲ್ಲ ಅಂದರು. ಅಪ್ಪನೂ ಅದನ್ನೇ ಅಂದರು. ಅವರ ಕೆಲಸವೂ ನೆಲಬಾಂಬ್ ಜೊತೆಯೇ ಇತ್ತು. "ಒಬ್ಬನೇ ಯಾಕೆ ಹೋದ? ಹಗ್ಗ ಹಿಡಿಯೋರು ಎಲ್ಲಿ?" ಅಂತ ಎರಡು ಮೂರು ಸಲ ಕೇಳಿದರು.

ಆಮೇಲೆ ಒಂದು ದೃಶ್ಯ ಬಂತು. ಸೈನಿಕ ಊರಿಗೆ ಬಂದಿದ್ದಾನೆ. ಅಂಗಡಿಯಲ್ಲಿ ತಿಂಡಿ ಪೊಟ್ಟಣಗಳ ಉದ್ದನೆಯ ಸಾಲು. ಯಾವುದು ತಗೋಬೇಕು ಅಂತ ಗೊತ್ತಾಗದೆ ಸುಮ್ನೆ ನಿಂತಿದ್ದಾನೆ. ಅಪ್ಪ ಸುಲಿಯುತ್ತಿದ್ದ ಕಡಲೆಕಾಯಿ ಹಾಗೇ ಕೈಯಲ್ಲಿ ಹಿಡಿದುಕೊಂಡರು. "ಇದು ಸರಿಯಾಗಿದೆ" ಅಂದರು. ರಜಕ್ಕೆ ಬಂದಾಗ ಸಂತೆಗೆ ಹೋದ ಅಪ್ಪ ಎಷ್ಟೋ ಸಲ ಖಾಲಿ ಚೀಲ ಹಿಡಿದು ವಾಪಸ್ ಬಂದದ್ದು ನನಗೆ ಆಗ ನೆನಪಾಯಿತು. ಅಮ್ಮ ಅದಕ್ಕೆ ಯಾವತ್ತೂ ಬೈದವರಲ್ಲ.

ಮಕ್ಕಳ ಜೊತೆ ಯಾವುದು ನೋಡಬಹುದು?

'ಮುತ್ತಿನ ಹಾರ'ದಿಂದ ಶುರು ಮಾಡಿ, ಅಜ್ಜ ಅಜ್ಜಿಯರನ್ನೂ ಕೂರಿಸಿಕೊಳ್ಳಿ. 'ವಿಂಗ್ಸ್' ಕೂಡ ದೊಡ್ಡ ಮಕ್ಕಳಿಗೆ ಹಿಡಿಸುತ್ತದೆ, ಮಾತಿಲ್ಲದಿದ್ದರೂ ವಿಮಾನಗಳು ನಿಜವಾದವು. ಯುದ್ಧಕೈದಿಗಳ ಕಥೆಯ '1971' ಹೈಸ್ಕೂಲ್ ಮಕ್ಕಳಿಗೆ ಸರಿ, ಅದಕ್ಕೆ ಅತ್ಯುತ್ತಮ ಹಿಂದಿ ಚಿತ್ರ ಪ್ರಶಸ್ತಿ ಬಂದಿದೆ. 'ಸೇವಿಂಗ್ ಪ್ರೈವೇಟ್ ರಯಾನ್' ಮತ್ತು 'ಪ್ಲಟೂನ್' ಮಾತ್ರ ಚಿಕ್ಕವರಿಗೆ ಬೇಡ. ಮನೆಯ ಹತ್ತಿರ ಯಾರಾದರೂ ಮಾಜಿ ಸೈನಿಕರಿದ್ದರೆ ಅವರನ್ನೂ ಕರೆಯಿರಿ. ಸಿನಿಮಾ ಮುಗಿದ ಮೇಲೆ ಕಾಫಿ ಕೊಟ್ಟು ಅರ್ಧ ಗಂಟೆ ಅವರ ಮಾತಿಗೆ ಬಿಡಿ.